ಹರಿಶ್ಚಂದ್ರನ ಮನೆಯವರು

(ಗುರುತು ಸಿಗದಂತೆ ಪತ್ರದ ವಿವರಗಳನ್ನು ಬದಲಿಸಿ, ಸಂಕ್ಷೇಪಿಸಲಾಗಿದೆ.)

ಪ್ರಶ್ನೆ: ನಾನು ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಸರ್ವೀಸಿಗೆ ಬಂದು 14 ವರ್ಷವಾಯಿತು. ನಮ್ಮ ತಂದೆ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು. ಅವರು ಹೇಳಿಕೊಟ್ಟಂತೆ ಇಲ್ಲಿಯವರೆಗೆ ಯಾರ ಹತ್ತಿರವೂ ಒಂದು ರೂಪಾಯಿ ಮುಟ್ಟಿಲ್ಲ. ಕಚೇರಿಯಲ್ಲಿ ನನಗೆ ‘ಸತ್ಯಹರಿಶ್ಚಂದ್ರನ ಮೊಮ್ಮಗಳು’ ಅಂತಲೇ ಹೆಸರು. ನಾನು ಬಂದರೆ ಮಾತು ನಿಲ್ಲಿಸುತ್ತಾರೆ. ಟೀಗೂ ಕರೆಯುವುದಿಲ್ಲ. ಹಳೇ ದಿನಾಂಕ ಹಾಕಿ ಟಿಪ್ಪಣಿ ಮಂಡಿಸಲು ಒಪ್ಪಲಿಲ್ಲವೆಂದು ಹೋದ ವರ್ಷ ಕೇಸ್ ವರ್ಕ್‌ನಿಂದ ತೆಗೆದು ರೆಕಾರ್ಡ್ ರೂಮಿಗೆ ಹಾಕಿದರು. ಅಲ್ಲೂ ಬಿಡುತ್ತಿಲ್ಲ. ಒಂದು ಹಳೆಯ ಜಮೀನಿನ ಕಡತವನ್ನು ರಿಜಿಸ್ಟರಿನಲ್ಲಿ ಬರೆಯದೆ ‘ಎರಡು ದಿನದ ಮಟ್ಟಿಗೆ’ ಹೊರಗೆ ಕೊಡು ಎಂದು ಬಾಯಿಮಾತಿನಲ್ಲಿ ಒತ್ತಾಯ ಬರುತ್ತಿದೆ.

ನನ್ನ ಜೊತೆಗೇ ಕೆಲಸಕ್ಕೆ ಸೇರಿದವರೊಬ್ಬರು ಮೊನ್ನೆ ಮೂರಂತಸ್ತಿನ ಮನೆಯ ಗೃಹಪ್ರವೇಶ ಮಾಡಿದರು. ನಮ್ಮದು ಬಾಡಿಗೆ ಮನೆ. ನಮ್ಮ ಯಜಮಾನರು ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕರು, ಸಂಬಳ ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಮಗಳು ಪಿಯುಸಿ. ಕೋಚಿಂಗ್ ಫೀಸು ಕೇಳಿದರೆ ತಲೆ ತಿರುಗುತ್ತದೆ. ಗೃಹಪ್ರವೇಶ ಮುಗಿಸಿ ಬಂದ ರಾತ್ರಿ ಅವರು, ‘ನಿನ್ನ ಪ್ರಾಮಾಣಿಕತೆ ಇಟ್ಕೊಂಡು ಉಪ್ಪಿನಕಾಯಿ ಹಾಕೋಣ್ವಾ?’ ಅಂದರು. ನಾನು ಮಾತಾಡಲಿಲ್ಲ. ಆಮೇಲೂ ಆಡಿಲ್ಲ.

ಇನ್ನೊಂದು ವಿಷಯ. ವಯಸ್ಸಾದ ರೈತರೊಬ್ಬರು ಹಳೇ ಪಹಣಿಯ ನಕಲಿಗೆ ಬಂದಿದ್ದರು. ಪಂಚೆಯ ಗಂಟು ಬಿಚ್ಚಿ 200 ರೂಪಾಯಿ ನನ್ನ ಮೇಜಿನ ಮೇಲಿಟ್ಟರು. ಎಲ್ಲರಿಗೂ ಕೇಳುವಂತೆ ಕೂಗಾಡಿಬಿಟ್ಟೆ. ‘ಪೊಲೀಸರಿಗೆ ಹಿಡಿದುಕೊಡ್ತೀನಿ’ ಅಂದೆ. ಅವರು ಕೈಮುಗಿದು, ನಕಲನ್ನೂ ತೆಗೆದುಕೊಳ್ಳದೆ ಹೋಗಿಬಿಟ್ಟರು. ಆವತ್ತಿನಿಂದ ನಿದ್ದೆ ಸರಿಯಿಲ್ಲ. ಭಾನುವಾರ ಸಂಜೆಯಾದರೆ ಎದೆ ಬಿಗಿಯುತ್ತದೆ. ಇಷ್ಟೆಲ್ಲ ಯಾರಿಗಾಗಿ ಮೇಡಂ? ನಾನು ದಡ್ಡಿಯೇ? ಎಲ್ಲರ ಹಾಗೆ ಇದ್ದುಬಿಡಲೇ?
– ಹೆಸರು, ಊರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡದ್ದು ದಣಿವು. ‘ಎಲ್ಲರ ಹಾಗೆ ಇದ್ದುಬಿಡಲೇ’ ಎಂಬ ಸಾಲನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೀರಿ. ಅಂಥ ಯೋಚನೆ ಬಂದದ್ದಕ್ಕೇ ನಿಮ್ಮನ್ನು ನೀವು ಬೈದುಕೊಂಡಿರುತ್ತೀರಿ. ಬೇಡ. 14 ವರ್ಷ ಒಬ್ಬರೇ ಎದುರೀಜಿದವರಿಗೆ ಒಮ್ಮೆಯೂ ಹಾಗನ್ನಿಸದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು. ಅನ್ನಿಸುವುದಕ್ಕೂ ಮಾಡುವುದಕ್ಕೂ ನಡುವೆ ಬೇಕಾದಷ್ಟು ಜಾಗವಿದೆ. ನೀವು ಇನ್ನೂ ಆ ಜಾಗದಲ್ಲೇ ನಿಂತು ನನಗೆ ಪತ್ರ ಬರೆದಿದ್ದೀರಿ.

ಓದುತ್ತಾ ನಾನು ತಡೆದು ನಿಂತದ್ದು ಮೂರಂತಸ್ತಿನ ಮನೆಯ ಹತ್ತಿರವಲ್ಲ, ‘ಟೀಗೂ ಕರೆಯುವುದಿಲ್ಲ’ ಎಂಬ ಮಾತಿನ ಹತ್ತಿರ. ನನ್ನ ಬಳಿ ಬರುವ ಸರ್ಕಾರಿ ನೌಕರರಲ್ಲಿ ಲಂಚ ಮುಟ್ಟದವರು ದುಡ್ಡಿಲ್ಲವೆಂದು ಅಳುವುದು ಕಡಿಮೆ. ಜೊತೆಗೆ ಯಾರೂ ಇಲ್ಲವೆಂದು ಅಳುತ್ತಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ, ಪ್ರತಿ ಕೆಲಸದ ದಿನ, ಮುಖ ಕೊಟ್ಟು ಮಾತಾಡುವವರಿಲ್ಲದ ಕೋಣೆಯಲ್ಲಿ ಕೂರುವುದು ಸಣ್ಣ ಶಿಕ್ಷೆಯಲ್ಲ.

ಆದರೆ ಆ ಮೌನಕ್ಕೆ ನೀವು ಕೊಟ್ಟುಕೊಂಡಿರುವ ಅರ್ಥದ ಬಗ್ಗೆ ನನಗೆ ತಕರಾರಿದೆ. ಗಿಂಬಳವನ್ನು ಹಂಚಿಕೊಳ್ಳುವ ಜಾಗದಲ್ಲಿ ಪಾಲು ಬೇಡವೆಂದವರನ್ನು ಕಂಡರೆ ಉಳಿದವರಿಗೆ ಅಳುಕು. ಪಾಲು ತೆಗೆದುಕೊಂಡವರು ಬಾಯಿ ಬಿಡುವುದಿಲ್ಲ ಎಂಬ ಧೈರ್ಯ ಅವರಿಗಿರುತ್ತದೆ, ನಿಮ್ಮ ಬಗ್ಗೆ ಆ ಧೈರ್ಯ ಇಲ್ಲ. ನೀವು ಬಂದಾಗ ಮಾತು ನಿಲ್ಲುವುದು ತಾತ್ಸಾರದಿಂದ ಎಂದು ನೀವು ತಿಳಿದಿದ್ದೀರಿ. ಬಹಳ ಸಲ ಅದು ಭಯ, ಒಬ್ಬಿಬ್ಬರಲ್ಲಿ ನಾಚಿಕೆ. ಇದನ್ನು ತಿಳಿದ ಮಾತ್ರಕ್ಕೆ ನಾಳೆ ಟೀ ಬರುವುದಿಲ್ಲ, ನಿಜ. ‘ನನ್ನಲ್ಲೇ ಏನೋ ಐಬಿದೆ’ ಎಂದು ರಾತ್ರಿಯೆಲ್ಲ ಹೊರಳಾಡುವುದಾದರೂ ಕಡಿಮೆಯಾಗಬಹುದು.

ರೆಕಾರ್ಡ್ ರೂಮಿಗೆ ಹಾಕಿದ್ದು ನಿಮಗೆ ಅವಮಾನವಾಗಿದೆ. ಆಗಬೇಕಾದ್ದೇ. ‘ಪ್ರಾಮಾಣಿಕರಿಗೆ ಹುದ್ದೆಯ ಆಸೆ ಇರಬಾರದು, ಮಾನಾಪಮಾನ ತಟ್ಟಬಾರದು’ ಎಂದು ನಮ್ಮಲ್ಲಿ ಒಂದು ನಂಬಿಕೆ ಇದೆ. ನನಗೆ ಅದರಲ್ಲಿ ವಿಶ್ವಾಸವಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸರ್ಕಾರದಲ್ಲಿ 26 ವರ್ಷ ಅಧಿಕಾರಿಯಾಗಿದ್ದವರು. ತಮಗೆ ನ್ಯಾಯವಾಗಿ ಬರಬೇಕಾದ ಹುದ್ದೆ ತಪ್ಪಿ, ಕಿರಿಯರೊಬ್ಬರಿಗೆ ಬಡ್ತಿ ಸಿಕ್ಕಿದಾಗ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಅಷ್ಟು ಸಮಾಧಾನದ ಬರವಣಿಗೆಯ ಮನುಷ್ಯರಿಗೇ ಆ ಅನ್ಯಾಯ ನುಂಗಲು ಆಗಲಿಲ್ಲ. ರಾಜೀನಾಮೆ ಕೊಡಿ ಎಂದು ನಿಮಗೆ ಹೇಳುತ್ತಿಲ್ಲ, ಮನೆಯ ಲೆಕ್ಕ ನೀವೇ ಬರೆದಿದ್ದೀರಿ. ನೋವಾಗಿದೆ ಎಂದು ಒಪ್ಪಿಕೊಳ್ಳಲು ನಾಚಬೇಡಿ ಅಂದೆ ಅಷ್ಟೆ. ಒಪ್ಪಿಕೊಳ್ಳದ ನೋವು ಬೇರೆ ಎಲ್ಲೋ ಹೋಗಿ ಬೀಳುತ್ತದೆ.

ನಿಮ್ಮದು ಆ ರೈತರ ಮೇಲೆ ಹೋಗಿ ಬಿತ್ತು.

ಅದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡೋಣ, ಯಾಕೆಂದರೆ ನಿಮ್ಮ ನಿದ್ದೆ ಕೆಟ್ಟಿರುವುದು ಅಲ್ಲಿಯೇ. ನೀವು ಕೂಗಿದ್ದು ಯಾರ ಮೇಲೆ? ಟೀಗೆ ಕರೆಯದವರ ಮೇಲೆ. ರಿಜಿಸ್ಟರಿನಲ್ಲಿ ಬರೆಯಬೇಡ ಎನ್ನುವವರ ಮೇಲೆ. ಉಪ್ಪಿನಕಾಯಿಯ ಮಾತಿನ ಮೇಲೂ ಇರಬಹುದು. ಅವರಾರೂ ಆವತ್ತು ಎದುರಿಗೆ ಇರಲಿಲ್ಲ. ಇದ್ದವರು ಪಂಚೆಯ ಗಂಟು ಬಿಚ್ಚುತ್ತಿದ್ದ ಒಬ್ಬ ಮುದುಕರು. ಅವರಿಗೆ 200 ರೂಪಾಯಿ ಇಡಬೇಕೆಂದು ಕಲಿಸಿದವರು ಯಾರು? ಅದೇ ಕಟ್ಟಡದಲ್ಲಿ ನಿಮಗಿಂತ ಮೊದಲು ಅದೇ ಕುರ್ಚಿಯಲ್ಲಿ ಕೂತಿದ್ದವರು. ಅವರ ಲೆಕ್ಕದಲ್ಲಿ ಅದು ಲಂಚವೂ ಅಲ್ಲದಿರಬಹುದು, ಬರಿಗೈಯಲ್ಲಿ ಕೇಳಿದರೆ ಅಮ್ಮಾವ್ರು ಏನಂದುಕೊಳ್ಳುತ್ತಾರೋ ಎಂಬ ಮರ್ಯಾದೆ. ಕಾನೂನಿನ ಪ್ರಕಾರ ಲಂಚ ಕೊಡುವುದೂ ಅಪರಾಧ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಅದು ಇನ್ನಷ್ಟು ಸ್ಪಷ್ಟವಾಗಿದೆ. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಅವರನ್ನು ಅಪರಾಧಿಯೆಂದು ನೋಡಬಾರದು ಎಂದೂ ಅದೇ ತಿದ್ದುಪಡಿ ಹೇಳುತ್ತದೆ. ಎಲ್ಲರೂ ಸಂತೋಷದಿಂದ ಗಂಟು ಬಿಚ್ಚುವುದಿಲ್ಲ ಎಂಬುದು ಕಾನೂನು ಬರೆದವರಿಗೂ ಗೊತ್ತಿತ್ತು.

ಪ್ರಾಮಾಣಿಕರಿಗೆ ಅಂಟುವ ಒಂದು ಕಾಯಿಲೆ ಇದೆ, ಹೇಳಿಬಿಡುತ್ತೇನೆ. ಅದು ಬಿರುಸು. ‘ನಾನು ಮುಟ್ಟುವವಳಲ್ಲ’ ಎಂಬುದು ನಿಧಾನವಾಗಿ ‘ನನ್ನನ್ನು ಯಾರೂ ಪ್ರಶ್ನಿಸಬಾರದು’ ಎಂಬಲ್ಲಿಗೆ ಬರುತ್ತದೆ. ಕೆಲವರಲ್ಲಿ ಅದು ಭಯದ ರೂಪ ತಾಳಿ, ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು ಯಾವ ಕಡತಕ್ಕೂ ಸಹಿ ಹಾಕದಂತಾಗುತ್ತಾರೆ. ಕಚೇರಿಗೆ ಅಲೆದ ಜನ ಅಂಥವರನ್ನು ಕುರಿತು ಹೇಳುವುದನ್ನು ನೀವೂ ಕೇಳಿರುತ್ತೀರಿ: ‘ಅವರು ದುಡ್ಡೂ ಮುಟ್ಟಲ್ಲ, ಫೈಲೂ ಮುಟ್ಟಲ್ಲ.’ ನಗು ಬರುತ್ತದೆ, ಆದರೆ ಮೂರನೇ ಸಲ ಬಸ್ ಚಾರ್ಜು ಹಾಕಿಕೊಂಡು ಬಂದವರ ಮಾತು ಅದು. ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆಯಲ್ಲ, ಅದನ್ನು ಓದಿ ನಮ್ಮವರು ತಮ್ಮನ್ನು ಪೂಜಾರಿ ಅಂದುಕೊಂಡುಬಿಡುತ್ತಾರೆ. ಅರ್ಜಿ ಹಿಡಿದು ಕಿಟಕಿಯಾಚೆ ನಿಂತವರು ಯಾರು ಎಂದು ಯೋಚಿಸುವುದಿಲ್ಲ.

ನಿಮ್ಮ ಪ್ರಾಮಾಣಿಕತೆ ಇಷ್ಟು ವರ್ಷ ಸಹೋದ್ಯೋಗಿಗಳ ಕಡೆಗೆ ಮುಖ ಮಾಡಿ ನಿಂತಿತ್ತು ಎಂದು ನನಗನ್ನಿಸುತ್ತದೆ. ಅವರು ತೆಗೆದುಕೊಳ್ಳುತ್ತಾರೆ, ನಾನಿಲ್ಲ. ಅವರಿಗೆ ಮನೆ ಬಂತು, ನನಗಿಲ್ಲ. ಆ ಕಡೆ ನೋಡುತ್ತಿರುವವರೆಗೆ ‘ಯಾರಿಗಾಗಿ’ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಅಲ್ಲಿ ಸಿಗುವುದು ಹೋಲಿಕೆ ಮಾತ್ರ. ಮುಖವನ್ನು ಸ್ವಲ್ಪ ಕಿಟಕಿಯ ಕಡೆ ತಿರುಗಿಸಿ. ನೀವು ಶಿಕ್ಷೆಯೆಂದು ತಿಳಿದಿರುವ ರೆಕಾರ್ಡ್ ರೂಮಿನಲ್ಲಿ ಏನಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಒಂದು ತಾಲ್ಲೂಕಿನ ಅರ್ಧ ಜಗಳಗಳ ಉತ್ತರ ಅಲ್ಲಿನ ಕಪಾಟುಗಳಲ್ಲಿರುತ್ತದೆ. ಹಳೆಯ ಪಹಣಿ, ಮ್ಯುಟೇಶನ್ ರಿಜಿಸ್ಟರು, ಮಂಜೂರಾತಿ ಕಡತ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು. ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇ ಮಾಡುವ ವ್ಯವಸ್ಥೆ ಬಂತು. ಅದರ ಹಿಂದಿನ ದಾಖಲೆಗಾಗಿ ಜನ ನಿಮ್ಮ ಕೋಣೆಗೆ ಬರುತ್ತಾರೆ. ಅಲ್ಲಿ ಹಣ ಕೀಳುವ ಉಪಾಯ ಬಲು ಸುಲಭ: ‘ಕಡತ ಲಭ್ಯವಿಲ್ಲ’ ಎಂದು ಹಿಂಬರಹ ಕೊಟ್ಟರಾಯಿತು. ಕಪ್ಪು ಮಸಿಯ ಆ ಎರಡು ಪದ ಬಿದ್ದಮೇಲೆ ಕುಟುಂಬವೊಂದು ಹತ್ತಾರು ವರ್ಷ ಕೋರ್ಟು ಅಲೆಯುವುದುಂಟು. ಹುಡುಕಿದರೆ ಸಿಗುವ ಕಡತವನ್ನು ಹುಡುಕಿಕೊಡುವವರು ಅಲ್ಲಿ ಕೂತಿದ್ದಾರೆ ಅನ್ನುವುದು ಆ ತಾಲ್ಲೂಕಿನ ಭಾಗ್ಯ. ನಿಮ್ಮನ್ನು ಅಲ್ಲಿಗೆ ಹಾಕಿದವರು ಇಷ್ಟು ದೂರ ಯೋಚಿಸಿರಲಿಕ್ಕಿಲ್ಲ.

ಈಗ ನೀವು ಮಾಡಬೇಕಾದ ಮೊದಲ ಕೆಲಸ, ಆ ರೈತರದು. ಅವರ ಅರ್ಜಿ ನಿಮ್ಮಲ್ಲೇ ಇದೆ, ಅದರಲ್ಲಿ ಊರಿದೆ. ನಕಲು ಸಿದ್ಧವಿದೆ, ಬಂದು ತೆಗೆದುಕೊಳ್ಳಿ ಎಂದು ಆ ವೃತ್ತದ ಗ್ರಾಮ ಆಡಳಿತ ಅಧಿಕಾರಿಯ ಮೂಲಕ ಹೇಳಿಕಳಿಸಿ. ಬಂದಾಗ ‘ಆವತ್ತು ಜೋರಾಗಿ ಮಾತಾಡಿಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ’ ಎಂದರೆ ಸಾಕು. ದೊಡ್ಡ ಕ್ಷಮಾಪಣೆಯಿಂದ ಅವರಿಗೆ ಇನ್ನಷ್ಟು ಮುಜುಗರ. ಬರದಿದ್ದರೆ ನಿಯಮದಲ್ಲಿ ಅವಕಾಶವಿರುವಂತೆ ನಕಲನ್ನು ತಲುಪಿಸಿ. ಜೊತೆಗೆ ಕಿಟಕಿಯ ಪಕ್ಕ ಒಂದು ಹಾಳೆ ಅಂಟಿಸಿ: ಯಾವ ನಕಲಿಗೆ ಎಷ್ಟು ಶುಲ್ಕ, ಎಷ್ಟು ದಿನ, ರಸೀದಿ ಕೇಳಿ ಪಡೆಯಿರಿ. ಲಂಚ ಕೊಡಬೇಡಿ ಎಂಬ ಫಲಕ ಪ್ರತಿ ಕಚೇರಿಯಲ್ಲೂ ಇದೆ. ಆದರೆ ಕೊಡಬೇಕಾದ ನಿಜವಾದ ಶುಲ್ಕ ಎಷ್ಟು ಎಂಬುದು ಜನರಿಗೆ ಗೊತ್ತಿರುವುದಿಲ್ಲ, ಅದಕ್ಕೇ ಗಂಟು ಬಿಚ್ಚುತ್ತಾರೆ. ಸಕಾಲ ಪಟ್ಟಿಯಲ್ಲಿರುವ ಸೇವೆ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೊಡಬೇಕೆಂದು ಕಾಯ್ದೆ ಇದೆ. ನಮ್ಮ ರೈತರಲ್ಲಿ ಎಷ್ಟು ಜನಕ್ಕೆ ಗೊತ್ತು? ಇನ್ನೊಮ್ಮೆ ಯಾರಾದರೂ ದುಡ್ಡು ಮುಂದಿಟ್ಟರೆ ತಗ್ಗಿದ ದನಿಯಲ್ಲಿ ‘ಇದು ಬೇಡ, ಜೋಪಾನವಾಗಿ ಇಟ್ಕೊಳ್ಳಿ, ನಿಮ್ಮ ಕೆಲಸ ಆಗುತ್ತೆ’ ಎನ್ನಿ. ನಿರಾಕರಿಸಲು ಕೂಗಬೇಕಾಗಿಲ್ಲ.

ಈಗ ಮನೆಗೆ ಬರೋಣ. ನಿಮ್ಮನ್ನು ಹರಿಶ್ಚಂದ್ರನ ಮೊಮ್ಮಗಳು ಎನ್ನುತ್ತಾರಂತೆ. ರಾಘವಾಂಕನ ಕಾಲದಿಂದ, ಅದಕ್ಕೂ ಹಿಂದಿನಿಂದ, ನಮ್ಮ ನಾಡು ಆ ಕತೆ ಕೇಳಿ ಅತ್ತಿದೆ. ನಾನೂ ಅತ್ತಿದ್ದೇನೆ. ಆದರೆ ಸಂಬಳದ ಮೇಲೆ ಬದುಕುವ ಮನೆಗೆ ಅದು ಒಳ್ಳೆಯ ಮಾದರಿ ಎಂದು ನನಗನ್ನಿಸಿಲ್ಲ. ಸತ್ಯ ಅವನದು, ಮೊದಲು ಮಾರಾಟವಾದವರು ಚಂದ್ರಮತಿ ಮತ್ತು ಲೋಹಿತಾಶ್ವ. ಅವರನ್ನು ಯಾರಾದರೂ ಕೂರಿಸಿಕೊಂಡು ಕೇಳಿದರೇ? ನಿಮ್ಮ ಮನೆಯಲ್ಲಿ ಹರಿಶ್ಚಂದ್ರ ನೀವು. ಚಂದ್ರಮತಿಯ ಪಾತ್ರ ನಿಮ್ಮ ಯಜಮಾನರಿಗೆ ಬಂದಿದೆ, ಪಾಪ.

ಅವರ ಉಪ್ಪಿನಕಾಯಿಯ ಮಾತು ಚುಚ್ಚಿತು, ಚುಚ್ಚುವಂಥದ್ದೇ. ಆದರೆ ಪತ್ರವನ್ನು ಮತ್ತೆ ಓದಿದಾಗ ನನಗೆ ಬೇರೇನೋ ಕಾಣಿಸಿತು. ಈ 14 ವರ್ಷದಲ್ಲಿ ಅವರು ಒಂದು ಸಲವೂ ‘ನೀನೂ ತೆಗೆದುಕೋ’ ಎಂದು ಹೇಳಿದ್ದನ್ನು ನೀವು ಬರೆದಿಲ್ಲ. ಸಂಬಳ ಸರಿಯಾಗಿ ಬಾರದ ಗಂಡಸು, ಬೇರೆಯವರ ಗೃಹಪ್ರವೇಶದಲ್ಲಿ ಉಂಡು ಬಂದ ರಾತ್ರಿ, ತನ್ನ ಮೇಲಿನ ಸಿಟ್ಟನ್ನು ಹೆಂಡತಿಯ ಮೇಲೆ ಹಾಕಿರುವ ಸಾಧ್ಯತೆಯೇ ಹೆಚ್ಚು. ನೀವು ರೈತರ ಮೇಲೆ ಹಾಕಿದ ಹಾಗೆ. ನೀವು ಉತ್ತರ ಕೊಡಲಿಲ್ಲ, ಮೌನವಾಗಿ ಗೆದ್ದಿರಿ. ಅಂಥ ಗೆಲುವು ಮನೆಯಲ್ಲಿ ಇನ್ನೊಂದು ರೆಕಾರ್ಡ್ ರೂಮನ್ನು ಕಟ್ಟುತ್ತದೆ.

ಒಂದು ಭಾನುವಾರ ಬೆಳಿಗ್ಗೆ, ಸಂಜೆ ಬೇಡ, ಇಬ್ಬರೂ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂರಿ. ಬರುವುದೆಷ್ಟು, ಹೋಗುವುದೆಷ್ಟು, ಸಾಲ ಯಾರ್‍ಯಾರದ್ದು. ‘ನಿಮಗೆ ಯಾವುದರ ಭಯ ಜಾಸ್ತಿ?’ ಎಂದು ಅವರನ್ನು ಕೇಳಿ, ಪೂರ್ತಿ ಹೇಳಲು ಬಿಡಿ. ಮಗಳನ್ನೂ ಕೂರಿಸಿಕೊಳ್ಳಿ, ಪಿಯುಸಿ ಹುಡುಗಿಗೆ ಮನೆಯ ಲೆಕ್ಕ ಅರ್ಥವಾಗುತ್ತದೆ. ಯಾವ ಕೋಚಿಂಗ್ ನಿಜಕ್ಕೂ ಬೇಕು, ಯಾವುದು ಪಕ್ಕದ ಮನೆಯವರು ಸೇರಿಸಿದ್ದಕ್ಕೆ ಬೇಕೆನಿಸಿದ್ದು ಎಂದು ಅವಳೇ ಹೇಳಬಹುದು. ಹಣದ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುವುದು ಒಂದೇ ಮಾತು: ನಿಮ್ಮ ಕಚೇರಿಯಲ್ಲಿ ಕೆಲಸವಿರುವ ಯಾರಿಂದಲೂ ಕೈಸಾಲ ಬೇಡ, ಚೀಟಿ ವ್ಯವಹಾರವೂ ಬೇಡ. ಒಳ್ಳೆಯವರು ಜಾರುವುದು ಲಕೋಟೆಯಿಂದಲ್ಲ. ಮಗುವಿನ ಆಸ್ಪತ್ರೆ ಖರ್ಚಿಗೋ, ತಂಗಿಯ ಮದುವೆಗೋ ‘ಆಮೇಲೆ ಕೊಡಿ ಮೇಡಂ, ಅವಸರವೇನಿಲ್ಲ’ ಎಂದು ನಗುತ್ತಾ ಕೊಟ್ಟವರ ಸಾಲದಿಂದ. ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಪಾಲಿಸಿಯ ಮೇಲೆ ನಿಮಗೆ ಸಾಲ ಸಿಗುತ್ತದೆ. ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನಲ್ಲಿ ಮಕ್ಕಳ ಉನ್ನತ ಶಿಕ್ಷಣಕ್ಕೆಂದು ನಿಮ್ಮದೇ ವಂತಿಗೆಯ ಶೇ 25ರವರೆಗೆ ಹಿಂಪಡೆಯುವ ಅವಕಾಶವೂ ಇದೆ. ಈಗಲೇ ಮುಟ್ಟಬೇಡಿ, ಇದೆ ಎಂದು ಇಬ್ಬರಿಗೂ ಗೊತ್ತಿದ್ದರೆ ರಾತ್ರಿಯ ಮಾತಿನ ಧಾಟಿ ಬದಲಾಗುತ್ತದೆ. ಇನ್ನು ಗೃಹಪ್ರವೇಶ. ಕರೆದರೆ ಹೋಗಿ, ಊಟ ಮಾಡಿ, ಮುಯ್ಯಿ ಕೊಟ್ಟು ಬನ್ನಿ. ಕಿಟಕಿ ಬಾಗಿಲುಗಳ ಬೆಲೆ ಕಟ್ಟುವ ಕೆಲಸ ನಿಮ್ಮ ಇಲಾಖೆಯದಲ್ಲ.

ಕಡತದ ಒತ್ತಾಯ ಇದೆಲ್ಲಕ್ಕಿಂತ ತುರ್ತಿನದು. ಇಲ್ಲಿ ಮೆತ್ತಗಾಗಬೇಡಿ. ಮೂಲ ಕಡತ ರಿಜಿಸ್ಟರಿನಲ್ಲಿ ದಾಖಲಾಗದೆ ಹೊರಗೆ ಹೋದರೆ, ಅದು ಹಿಂದಿರುಗಿದಾಗ ಒಂದು ಪುಟ ಕಡಿಮೆ ಇದ್ದರೆ, ಕಟಕಟೆಯಲ್ಲಿ ನಿಲ್ಲುವವರು ನೀವು. ಹೇಳಿದವರು ಹೇಳಿಯೇ ಇಲ್ಲ ಎನ್ನುತ್ತಾರೆ. ಮೇಲಧಿಕಾರಿಯ ನಿರ್ದೇಶನವನ್ನು ಸಾಧ್ಯವಾದಷ್ಟೂ ಬರವಣಿಗೆಯಲ್ಲಿ ಪಡೆಯಬೇಕು, ಬಾಯಿಮಾತಿನದಾದರೆ ಆಮೇಲೆ ಬರವಣಿಗೆಯಲ್ಲಿ ದೃಢಪಡಿಸಿಕೊಳ್ಳಬೇಕು ಎಂಬುದು ಸೇವಾ ನಡತೆ ನಿಯಮಗಳ ತತ್ವವೇ. ಹಾಗಾಗಿ ಜಗಳವಿಲ್ಲದೆ, ಧರ್ಮದ ಭಾಷಣವಿಲ್ಲದೆ ಹೇಳಿ: ‘ಸರ್, ಬೇಡಿಕೆ ಪತ್ರ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಮಾಡಿದರೆ ಈಗಲೇ ತೆಗೆದುಕೊಡ್ತೀನಿ.’ ಇಲ್ಲ ಎಂದು ನೀವು ಹೇಳುತ್ತಿಲ್ಲ, ಸಹಿ ಕೇಳುತ್ತಿದ್ದೀರಿ. ಸಹಿ ಕೇಳಿದಾಗ ಅರ್ಧಕ್ಕರ್ಧ ಒತ್ತಾಯಗಳು ತಾವಾಗಿ ಬಿದ್ದುಹೋಗುತ್ತವೆ. ಬೀಳದಿದ್ದರೆ ಇಂಥ ದಿನ ಇಂಥ ಮೌಖಿಕ ಸೂಚನೆ ಬಂದಿದೆ, ಲಿಖಿತ ಆದೇಶ ನೀಡಬೇಕೆಂದು ಕೋರಿದೆ ಎಂದು ಚಿಕ್ಕ ಟಿಪ್ಪಣಿ ಮಂಡಿಸಿ. ಆರೋಪ, ವಿಶೇಷಣ ಯಾವುದೂ ಬೇಡ. ದಿನಾಂಕ, ಸಮಯ, ಯಾರು, ಏನು ಎಂಬುದನ್ನು ನಿಮ್ಮ ಸ್ವಂತ ಡೈರಿಯಲ್ಲೂ ಬರೆದಿಡಿ. ಕಚೇರಿಯ ದಾಖಲೆಯ ಪ್ರತಿಯನ್ನು ಮಾತ್ರ ಮನೆಗೆ ಒಯ್ಯಬೇಡಿ. ಒಳ್ಳೆಯ ಉದ್ದೇಶದಿಂದ ಒಯ್ದದ್ದೇ ನಾಳೆ ನಿಮ್ಮ ಮೇಲಿನ ಆಪಾದನೆಯಾಗಬಹುದು.

ಒಂದು ಎಚ್ಚರಿಕೆ. ಬೆಲೆಬಾಳುವ ಜಮೀನಿನ ಹಿಂದೆ ಬಲಶಾಲಿಗಳು ಇರುತ್ತಾರೆ. ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ತೈಲ ಕಂಪನಿಯ ಅಧಿಕಾರಿ ಮಂಜುನಾಥ್ ಷಣ್ಮುಗಂ, ಕಲಬೆರಕೆ ಪೆಟ್ರೋಲ್ ಬಂಕ್ ವಿರುದ್ಧ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕೊಲೆಯಾದರು. ಎಳೆಯ ವಯಸ್ಸು. ಅವರ ಹೆಸರನ್ನು ನಾವು ಗೌರವದಿಂದ ಹೇಳುತ್ತೇವೆ, ಹೇಳಬೇಕು. ಆದರೆ ಇನ್ನೊಬ್ಬ ಹುತಾತ್ಮರನ್ನು ತಯಾರು ಮಾಡುವುದಕ್ಕಾಗಿ ಈ ಅಂಕಣ ಬರೆಯುತ್ತಿಲ್ಲ. ಭ್ರಷ್ಟಾಚಾರ ಬಯಲು ಮಾಡುವವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಕಾಯ್ದೆಯನ್ನೇನೋ ಮಾಡಿತು, ವರ್ಷಗಳು ಉರುಳಿದರೂ ಅದು ಜಾರಿಗೆ ಬರಲಿಲ್ಲ. ಆದ್ದರಿಂದ ನಿಮ್ಮ ಕರ್ತವ್ಯದ ಗಡಿ ನಿಮಗೆ ಸ್ಪಷ್ಟವಿರಲಿ: ನಿಮ್ಮ ಕೈಯಿಂದ ತಪ್ಪು ನಡೆಯಬಾರದು. ಇಡೀ ಕಚೇರಿಯನ್ನು ಒಬ್ಬರೇ ಸರಿಮಾಡುವ ಹೊಣೆ ನಿಮ್ಮದಲ್ಲ. ಬೆದರಿಕೆಯ ಮಾತು ಬಂದರೆ ಅದೇ ದಿನ ಮನೆಯಲ್ಲಿ ಹೇಳಿ, ನಂಬುವ ಒಬ್ಬ ಹಿರಿಯ ಅಧಿಕಾರಿಗೆ ತಿಳಿಸಿ, ಪೊಲೀಸರಿಗೆ ಲಿಖಿತವಾಗಿ ಕೊಡಿ. ಲೋಕಾಯುಕ್ತದ ಬಾಗಿಲೂ ಇದೆ. 2022ರಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದುಗೊಳಿಸಿದ ಮೇಲೆ ಲಂಚದ ಪ್ರಕರಣಗಳು ಮತ್ತೆ ಲೋಕಾಯುಕ್ತ ಪೊಲೀಸರಿಗೇ ಬಂದಿವೆ. ಯಾವ ದೂರಿಗೂ ಮೊದಲು ವಕೀಲರೊಬ್ಬರ ಜೊತೆ ಮಾತಾಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ಊರಿನ ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ, ಫೋನಿನಲ್ಲಾದರೆ 15100.

ಜೊತೆಗಾರರ ಮಾತು ಉಳಿಯಿತು. ನಿಮ್ಮ ಕಚೇರಿಯಲ್ಲಿ ನೀವೊಬ್ಬರೇ ಎಂದು ಬರೆದಿದ್ದೀರಿ. ಕಚೇರಿಯಲ್ಲಿ ಇರಬಹುದು, ಜಿಲ್ಲೆಯಲ್ಲಿ ಖಂಡಿತ ಅಲ್ಲ. ತರಬೇತಿಯಲ್ಲಿ ಜೊತೆಗಿದ್ದವರು, ಪಕ್ಕದ ತಾಲ್ಲೂಕಿನ ಖಜಾನೆಯಲ್ಲೋ ಶಿಕ್ಷಣ ಇಲಾಖೆಯಲ್ಲೋ ತಲೆ ತಗ್ಗಿಸಿ ಕೆಲಸ ಮಾಡುವವರು, ನಿವೃತ್ತರಾದ ಒಬ್ಬ ಶಿರಸ್ತೇದಾರರು – ಇಂಥ ಇಬ್ಬರು ಸಿಕ್ಕರೆ ಸಾಕು. ತಿಂಗಳಿಗೊಮ್ಮೆ ಭೇಟಿಯಾಗಿ, ಕಚೇರಿಯ ವಿಷಯ ಹತ್ತು ನಿಮಿಷ ಮಾತಾಡಿ, ಉಳಿದ ಹೊತ್ತು ಬೇರೆ ಏನಾದರೂ ಮಾತಾಡಿ. ಪ್ರಾಮಾಣಿಕರು ಸೇರಿದಾಗ ಭ್ರಷ್ಟರ ವಿಷಯವನ್ನೇ ಮಾತಾಡುತ್ತಾ ಕೂತರೆ ಮನೆಗೆ ಬರುವಾಗ ತಲೆ ಇನ್ನಷ್ಟು ಭಾರವಾಗಿರುತ್ತದೆ. ಇದನ್ನು ಓದುತ್ತಿರುವ ಮೇಲಧಿಕಾರಿಗಳಲ್ಲೂ ಒಂದು ಕೋರಿಕೆ: ನಿಮ್ಮ ಕೈಕೆಳಗೆ ಇಂಥವರೊಬ್ಬರು ಇದ್ದರೆ ಸನ್ಮಾನ ಬೇಡ, ಶಾಲು ಹೊದಿಸಿದರೆ ಅವರು ಇನ್ನೂ ಒಂಟಿಯಾಗುತ್ತಾರೆ. ಅವರು ಬರೆದ ಟಿಪ್ಪಣಿಯ ಕೆಳಗೆ ತಡಮಾಡದೆ ನಿಮ್ಮ ಆದೇಶ ಬರೆಯಿರಿ.

ಕೊನೆಯದಾಗಿ ನಿಮ್ಮ ನಿದ್ದೆ ಮತ್ತು ಎದೆಯ ಬಿಗಿತ. ಇದನ್ನು ಬರೀ ಮನಸ್ಸಿನದು ಎಂದು ತಳ್ಳಿಹಾಕಬೇಡಿ, ಮೊದಲು ವೈದ್ಯರಿಗೆ ತೋರಿಸಿ, ಬಿ.ಪಿ., ಇಸಿಜಿ ಮಾಡಿಸಿ. ಅಲ್ಲಿ ಏನೂ ಇಲ್ಲವೆಂದಾದರೆ ಮನಸ್ಸಿಗೂ ಆರೈಕೆ ಬೇಕಾಗಿದೆ ಎಂದರ್ಥ. ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ, ದಿನ ಯಾವುದೆಂದು ವಿಚಾರಿಸಿ. ಊರಿನವರ ಕಣ್ಣಿಗೆ ಬೀಳುವ ಸಂಕೋಚವಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ. ಬದುಕೇ ಬೇಡ ಅನ್ನಿಸುವಂಥ ಯೋಚನೆ ಎಂದಾದರೂ ಸುಳಿದರೆ ಬೆಳಗಾಗಲು ಕಾಯಬೇಡಿ, ಆ ಗಳಿಗೆಯಲ್ಲೇ ಕರೆ ಮಾಡಿ, ಯಜಮಾನರನ್ನು ಎಬ್ಬಿಸಿ.

ನಿಮ್ಮಂಥವರ ಲೆಕ್ಕದಲ್ಲಿ ಗಳಿಕೆ ರಜೆ ಬೇಕಾದಷ್ಟು ಉಳಿದಿರುತ್ತದೆ. ಮಗಳ ಪರೀಕ್ಷೆ ಮುಗಿದ ಮೇಲೆ ಒಂದು ವಾರಕ್ಕೆ ಅರ್ಜಿ ಹಾಕಿ, ಮೂವರೂ ಎಲ್ಲಾದರೂ ಹೋಗಿಬನ್ನಿ. ಬಾಯಿಮಾತಿನಲ್ಲಿ ‘ಈಗ ಆಗಲ್ಲ’ ಎಂದರೆ, ಅದನ್ನೂ ಬರವಣಿಗೆಯಲ್ಲೇ ಕೇಳಿ.